ಕೊಂಡು ತಂದ ಕುದುರೆಗೆ ಹೆಸರು

ಮನೆಗೆ ಕುದುರೆ ಬಂತೆಂದರೆ ನೋಡಲು ಬಂದವರು ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ಹೆಸರು ಕೇಳುತ್ತಾರೆ. ಬೆಲೆಯ ಮಾತನ್ನು ನಮ್ಮ ಯಜಮಾನರು ಹೇಗೋ ತೇಲಿಸಿಬಿಡುತ್ತಿದ್ದರು. ಹೆಸರಿನ ಮಾತು ಮಾತ್ರ ಅಷ್ಟು ಸುಲಭಕ್ಕೆ ತೇಲಿಹೋಗಲಿಲ್ಲ. ರಾಯಚೂರಿನಿಂದ ನಾವು ತಂದ ಹೆಣ್ಣುಕುದುರೆಗೆ ಆಗಲೇ ‘ಬಿಜಲಿ’ ಎಂಬ ಹೆಸರಿತ್ತು. ಅದನ್ನೇ ಉಳಿಸಿಕೊಳ್ಳಬೇಕೇ, ಬದಲಿಸಬೇಕೇ, ಬದಲಿಸುವುದಾದರೆ ಯಾರ ಮಾತಿನಂತೆ ಬದಲಿಸಬೇಕು ಎಂಬುದು ಒಂದಿಡೀ ಬೇಸಿಗೆ ನಮ್ಮ ಮನೆಯಲ್ಲಿ ನಡೆದ ಚರ್ಚೆ. ನಮ್ಮ ಕಡೆ ಕುದುರೆ ಸಾಕಬೇಕೆಂಬ ಆಸೆಯ ಹುಡುಗರು ಈಗ ಮತ್ತೆ ಕಾಣುತ್ತಿದ್ದಾರೆ. ಅವರಿಗೆ ಉಪಯೋಗವಾದೀತು ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಮ್ಮೂರು ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ದಾರಿಯಲ್ಲಿದೆ. ಭತ್ತದ ಗದ್ದೆ, ಸ್ವಲ್ಪ ಬಾಳೆ, ಹಿತ್ತಿಲಿನಾಚೆ ಒಂದು ಸಾಲು ತೆಂಗು. ಎತ್ತುಗಳನ್ನು ಮಾರಿ ಟ್ರ್ಯಾಕ್ಟರ್ ತಂದ ಮೇಲೆ ಕೊಟ್ಟಿಗೆ ಖಾಲಿ ಬಿದ್ದಿತ್ತು. ಅಲ್ಲಿ ಕುದುರೆ ಕಟ್ಟಬೇಕೆಂಬ ಆಸೆ ನನ್ನದು. ನನ್ನ ತವರು ಬಳ್ಳಾರಿ. ಅಪ್ಪ ರೈಲು ನಿಲ್ದಾಣದ ಮುಂದೆ ಟಾಂಗಾ ಹೊಡೆಯುತ್ತಿದ್ದರು. ನೆನೆಸಿದ ಹುರುಳಿಯ ವಾಸನೆ, ಲಾಳ ಕಟ್ಟುವಾಗ ಸುಟ್ಟ ಗೊರಸಿನ ವಾಸನೆ ಇವುಗಳ ನಡುವೆ ನಾನು ಬೆಳೆದವಳು.

ಅಪ್ಪನ ಮಟ್ಟಿಗೆ ಹೆಸರು ಒಂದು ಪ್ರಶ್ನೆಯೇ ಆಗಿರಲಿಲ್ಲ. ಅವರ ಟಾಂಗಾಕ್ಕೆ ಕಟ್ಟಿದ ಕುದುರೆಗಳೆಲ್ಲವೂ ‘ರಾಜಾ’. ಒಂದು ಮುದಿಯಾಗಿ ಇನ್ನೊಂದು ಬಂದರೆ ಅದೂ ರಾಜಾ. ಕೌಲ್ ಬಜಾರಿನ ವ್ಯಾಪಾರಿಗಳು ‘ರಾಜಾನ ಟಾಂಗಾ ಕರೆಯಿರಿ’ ಎಂದು ಹೇಳಿಕಳಿಸುತ್ತಿದ್ದರು. ಗಿರಾಕಿಗಳು ಹಿಡಿದುಕೊಂಡ ಹೆಸರನ್ನು ಕುದುರೆಗಾಗಿ ಬಿಡುವುದು ಹೇಗೆ? ಆದರೆ ಕೊನೆಯ ಕುದುರೆಯನ್ನು ಅವರು ಆದೋನಿ ಕಡೆಯಿಂದ ತಂದಾಗ ಅದಕ್ಕೆ ಬೇರೊಂದು ತೆಲುಗು ಹೆಸರಿತ್ತು. ಬೀದಿಯಲ್ಲಿ ಅದನ್ನು ರಾಜಾ ಎಂದು ಕರೆಯುತ್ತಿದ್ದ ಅಪ್ಪ, ರಾತ್ರಿ ಮೈ ತಿಕ್ಕುವಾಗ ಹಳೆಯ ಹೆಸರಿನಿಂದಲೇ ಮಾತನಾಡಿಸುತ್ತಿದ್ದರು. ಕೇಳಿದರೆ, ‘ದಣಿದು ಬಂದಿರುತ್ತದೆ, ಈಗಲಾದರೂ ತನ್ನ ಹೆಸರು ಕೇಳಿಸಿಕೊಳ್ಳಲಿ’ ಎನ್ನುತ್ತಿದ್ದರು. ಹುಡುಗಿಯಾಗಿದ್ದಾಗ ಈ ಮಾತು ನನಗೆ ಅಷ್ಟಾಗಿ ತಟ್ಟಿರಲಿಲ್ಲ.

ಬಿಜಲಿಯನ್ನು ನಮಗೆ ಕೊಟ್ಟವರು ರಾಯಚೂರಿನ ಕೋಟೆಯ ಹತ್ತಿರದ ಓಣಿಯ ಒಬ್ಬ ಹಿರಿಯರು. ಊರಿನವರಿಗೆಲ್ಲ ಚಾಚಾ. ಅವರದೂ ಟಾಂಗಾದ ಮನೆತನ. ಆಟೋಗಳು ಬಂದು ಟಾಂಗಾ ನಿಂತ ಮೇಲೆ ಮದುವೆ ಮೆರವಣಿಗೆಗೆ ಬಿಳಿ ಕುದುರೆ ಬಾಡಿಗೆಗೆ ಕೊಡುತ್ತಿದ್ದರು. ಮೊಣಕಾಲಿನ ನೋವಿನಿಂದ ಅದೂ ಆಗದೆ ಮಾರಲು ನಿಂತಿದ್ದರು. ನಾನು ಬಾಯಿ ಬಿಡಿಸಿ ಹಲ್ಲು ನೋಡಿದೆ. ಕುದುರೆಯ ಹಾಲುಹಲ್ಲುಗಳೆಲ್ಲ ಬಿದ್ದು ಬಾಯಿ ತುಂಬುವುದು ಐದನೆಯ ವರ್ಷಕ್ಕೆ. ಮೇಲಿನ ಸಾಲಿನ ಮೂಲೆಹಲ್ಲಿನ ಮೇಲೆ ಗೀರು ಕಾಣಿಸಿಕೊಳ್ಳುವುದು ಹತ್ತರ ಸುಮಾರಿಗೆ. ಇವಳ ಬಾಯಿ ತುಂಬಿತ್ತು, ಗೀರು ಇನ್ನೂ ಮೂಡಿರಲಿಲ್ಲ. ಎಂಟು ವರ್ಷ ಎಂದು ಚಾಚಾ ಹೇಳಿದ್ದು ಸರಿ ಎನ್ನಿಸಿತು. ಮೈಬಣ್ಣ ಬಿಳಿಯಾದರೂ ಮೂತಿಯ ಸುತ್ತಲಿನ ಚರ್ಮ ಕಪ್ಪು. ಅಂದರೆ ಇವಳು ಹುಟ್ಟಾ ಬಿಳಿಯ, ಗುಲಾಬಿ ಚರ್ಮದ ನುಕ್ರಾ ಅಲ್ಲ. ಕಪ್ಪಾಗಿ ಹುಟ್ಟಿ ವರ್ಷ ಕಳೆದ ಹಾಗೆ ಬೆಳ್ಳಗಾದ ಸಬ್ಜಾ.

ಇನ್ನೊಂದು ಗುರುತನ್ನೂ ಅಂದೇ ನೋಡಿದೆ. ತುಟಿಗಳು ಕೂಡುವ ಎರಡೂ ಮೂಲೆಗಳಲ್ಲಿ ಕೂದಲಿಲ್ಲದ, ಗಂಟು ಗಂಟಾದ ಹಳೆಯ ಗಾಯದ ಕಲೆ. ಬೆರಳಿಟ್ಟರೆ ತಲೆ ಎತ್ತಿಬಿಡುತ್ತಿದ್ದಳು. ಅದು ಮುಳ್ಳಿನ ಕಡಿವಾಣದ ಗುರುತು. ಪ್ರಾಣಿಹಿಂಸೆ ತಡೆ ಕಾಯ್ದೆಯಡಿ 1965ರಲ್ಲಿ ಬಂದ ನಿಯಮಗಳಲ್ಲೇ ಮುಳ್ಳಿನ ಕಡಿವಾಣ ಬಳಸಬಾರದು ಎಂದಿದೆ. ಆದರೂ ಮೆರವಣಿಗೆಯಲ್ಲಿ ಕುದುರೆ ಕುಣಿಯಲಿ, ಕತ್ತು ಬಾಗಿಸಿ ಗತ್ತು ತೋರಲಿ ಎಂದು ಹಾಕುವವರು ಹಾಕುತ್ತಲೇ ಇದ್ದಾರೆ. ಚಾಚಾ ಆ ಕಲೆಯ ಕಡೆ ನೋಡಲಿಲ್ಲ. ‘ಬಾಡಿಗೆಗೆ ಒಯ್ಯುವವರು ತಮ್ಮದೇ ಸಾಮಾನು ತಂದು ಹಾಕುತ್ತಾರೆ, ಬೇಟೀ’ ಎಂದಷ್ಟೇ ಹೇಳಿದರು.

ಕೊಳ್ಳುವ ಮೊದಲು ರಕ್ತಪರೀಕ್ಷೆ ಮಾಡಿಸಲೇಬೇಕೆಂದು ನಾನು ಪಟ್ಟುಹಿಡಿದಿದ್ದೆ. ಗ್ಲಾಂಡರ್ಸ್ ಕುದುರೆಯಿಂದ ಮನುಷ್ಯರಿಗೂ ಅಂಟುವ ರೋಗ. ರಕ್ತದ ಮಾದರಿ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದವರೆಗೂ ಹೋಗುತ್ತದೆ. ಆ ಕಾಗದದ ಮೇಲೆ ಮೊದಲ ಬಾರಿಗೆ ‘ಬಿಜಲಿ’ ಎಂದು ಬರೆದದ್ದನ್ನು ನೋಡಿದೆ. ರೋಗವಿಲ್ಲ ಎಂದು ವರದಿ ಬಂತು. ಧನುರ್ವಾಯುವಿನ ಚುಚ್ಚುಮದ್ದೂ ಆಯಿತು. ಮಾನ್ವಿ, ಸಿಂಧನೂರು, ಕಾರಟಗಿ ದಾಟಿ ಲಾರಿ ಮನೆ ತಲುಪಿತು.

ಅತ್ತೆ ಬಾಗಿಲಲ್ಲೇ ಕಾದಿದ್ದರು. ನಮ್ಮ ಮನೆದೇವರು ಮೈಲಾರಲಿಂಗ, ಕುದುರೆ ಏರಿದ ದೇವರು. ಕುದುರೆಯ ಹಣೆಗೆ ಭಂಡಾರ ಹಚ್ಚಿ, ಕಾಲಿಗೆ ನೀರು ಹಾಕಿ, ‘ಮಾಳವ್ವ ಬಂದಳು’ ಎಂದುಬಿಟ್ಟರು. ಮೈಲಾರನ ಮಡದಿ ಗಂಗಿಮಾಳವ್ವ, ಆ ಹೆಸರೇ ಇರಲಿ ಎಂಬುದು ಅವರ ಮನಸ್ಸು. ಯಜಮಾನರ ಸೋದರಮಾವ ಅದಕ್ಕೆ ಒಪ್ಪಲಿಲ್ಲ. ‘ಜೀವ ಇರುವ ಪ್ರಾಣಿಗೆ ಇಟ್ಟ ಹೆಸರು ತೆಗೆಯಬಾರದು. ತೆಗೆದರೆ ಅದು ಮನೆಗೆ ಹೊಂದುವುದಿಲ್ಲ’ ಎಂದರು. ಬೆಂಗಳೂರಿನಲ್ಲಿ ಓದುವ ಮಗಳು ಫೋನಿನಲ್ಲಿ ‘ಚೆಲುವಿ’ ಎಂದಳು. ಮಗನಿಗೆ ‘ಹೊನ್ನಿ’ ಬೇಕು. ಸಂಬಂಧಿಕರೊಬ್ಬರು ಬೇರೆಯೇ ಕಾರಣ ಹೇಳಿದರು. ಅದು ಸಾಬರ ಮನೆಯಿಂದ ಬಂದ ಹೆಸರು, ಮೊದಲು ಅದನ್ನು ಬದಲಿಸಿ ಎಂದರು. ಅವರಿಗೆ ಉತ್ತರ ಕೊಟ್ಟವರು ಅತ್ತೆ. ನಮ್ಮ ಸೀಮೆಯಲ್ಲಿ ಮೊಹರಂ ಬಂದರೆ ಎಲ್ಲ ಜಾತಿಯವರೂ ಅಲಾಯಿ ಕುಣಿಯುತ್ತಾರೆ, ಮುದಗಲ್ಲಿಗೆ ಹರಕೆ ಒಯ್ಯುತ್ತಾರೆ. ಹಿಂದೂ ಮನೆಗಳಲ್ಲೇ ಹುಸೇನಪ್ಪ, ಫಕೀರಪ್ಪ ಎಂಬ ಹೆಸರಿನವರಿದ್ದಾರೆ. ಆ ಸಂಬಂಧಿಕರ ತಂದೆಯ ಹೆಸರೂ ಅಂಥದ್ದೇ. ‘ನಿಮ್ಮ ಅಪ್ಪನ ಹೆಸರನ್ನು ಯಾವಾಗ ಬದಲಿಸುತ್ತೀಯಪ್ಪಾ?’ ಎಂದು ಅತ್ತೆ ಕೇಳಿದ ಮೇಲೆ ಆ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ. ಹೆಸರು ಬದಲಿಸಲು ಕಾರಣಗಳಿರಬಹುದು. ಅದು ಮಾತ್ರ ಕಾರಣವಲ್ಲ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಮಕ್ಕಳು ಹೇಳಿದ ಹೆಸರುಗಳನ್ನು ಕೊಟ್ಟಿಗೆಯಲ್ಲೇ ಪರೀಕ್ಷಿಸಿದೆವು. ‘ಚೆಲುವಿ’ ಎಂದು ಕರೆದ ಕೂಡಲೇ ಕುದುರೆ ಮುಂದಕ್ಕೆ ಹೆಜ್ಜೆ ಹಾಕಿತು. ಮಗ ಹಿಗ್ಗಿದ. ಎರಡನೆಯ ಸಲವೂ ಹಾಗೇ ಆಯಿತು. ಆಮೇಲೆ ತಿಳಿಯಿತು, ರಾಯಚೂರಿನ ಕಡೆ ಕುದುರೆ ನಡೆಸುವವರು ಮುಂದೆ ನಡೆಯಲು ಹೇಳುವುದು ‘ಚಲ್’ ಎಂದು. ನಿಲ್ಲಿಸಲು ಹೇಳುವುದು ‘ಹೋ’. ಮಗನ ‘ಹೊನ್ನಿ’ಯೂ ಇದರಿಂದಲೇ ಹೋಯಿತು. ಕಾಲೆತ್ತಿಸಿ ಗೊರಸು ಕೆರೆಯುತ್ತಿರುವಾಗ ಪ್ರೀತಿಯಿಂದ ಹೆಸರು ಹಿಡಿದರೆ ಅದು ನಡೆಯಲು ಕೊಟ್ಟ ಅಪ್ಪಣೆ ಎಂದು ಕುದುರೆ ತಿಳಿದರೆ, ಕೆಳಗೆ ಕುಳಿತವರ ಕೈ ಮುರಿಯುತ್ತದೆ. ಹೆಸರು ಹುಡುಕುವವರು ಮೊದಲು ಆ ಕುದುರೆಗೆ ಗೊತ್ತಿರುವ ಅಪ್ಪಣೆಗಳನ್ನೆಲ್ಲ ಮಾರಿದವರಿಂದ ಕೇಳಿ ಬರೆದುಕೊಳ್ಳಬೇಕು. ಆಮೇಲೆ ಅವುಗಳ ದನಿಗೆ ಹತ್ತಿರವಾದ ಹೆಸರುಗಳನ್ನು ದೂರವಿಡಬೇಕು. ಮನೆಯವರ, ನೆರೆಯವರ ಹೆಸರನ್ನೂ ಹಾಗೆಯೇ. ‘ಮಾಳವ್ವ’ ನನಗೆ ಇಷ್ಟವಾಗಿತ್ತು. ಆದರೆ ಪಕ್ಕದ ಮನೆಯ ಹಿರಿಯರ ಹೆಸರು ಅದೇ. ಅವರ ಎದುರಿಗೆ ಆಳುಮಗ ದಿನವೂ ಆ ಹೆಸರು ಹಿಡಿದು ‘ಸರಿ, ಸರಿ’ ಎಂದು ಕುದುರೆಯನ್ನು ದೂಡುವುದು ಮರ್ಯಾದೆಯಲ್ಲ.

ಇಷ್ಟರಲ್ಲಿ ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಬೀಳತೊಡಗಿತ್ತು. ‘ಬಿಜಲಿ’ ಎಂದಾಗಲೆಲ್ಲ ಕುದುರೆ ನಮ್ಮ ಕಡೆ ತಿರುಗುವ ಬದಲು ಗೋಡೆಗೆ ಸರಿಯುತ್ತಿತ್ತು. ಕುದುರೆಯ ಮನಸ್ಸು ತಿಳಿಯಬೇಕಾದರೆ ಕಿವಿ ನೋಡಬೇಕು. ಒಂದೊಂದು ಕಿವಿಯೂ ತನ್ನಷ್ಟಕ್ಕೆ ಅರ್ಧ ಸುತ್ತು ತಿರುಗುತ್ತದೆ. ಕುತೂಹಲವಿದ್ದರೆ ಕಿವಿ ಮುಂದಕ್ಕೆ, ಹೆದರಿಕೆ ಸಿಟ್ಟುಗಳಿದ್ದರೆ ಹಿಂದಕ್ಕೆ. ಹುರುಳಿಯ ಬಕೆಟ್ಟಿನ ಸದ್ದಾದರೆ ಇವಳ ಎರಡೂ ಕಿವಿ ಮುಂದಕ್ಕೆ ನಿಲ್ಲುತ್ತಿದ್ದವು. ಹೆಸರು ಕೇಳಿದರೆ ಎರಡೂ ಕತ್ತಿಗೆ ಒತ್ತಿಕೊಳ್ಳುತ್ತಿದ್ದವು.

ತಾಲ್ಲೂಕಿನ ಪಶುವೈದ್ಯರು ಗೊರಸು ನೋಡಲು ಬಂದಾಗ ಇದನ್ನು ಹೇಳಿದೆ. ಅವರು ನಗಲಿಲ್ಲ. ‘ನೋಡೋಣ ಅಕ್ಕಾ’ ಎಂದು ಎಡಗಡೆ ಮುಂಗಾಲಿನ ಮೊಣಕೈಯ ಹಿಂದೆ ಸ್ಟೆತಾಸ್ಕೋಪ್ ಇಟ್ಟು ನಿಂತರು. ಸುಮ್ಮನೆ ನಿಂತ ದೊಡ್ಡ ಕುದುರೆಯ ಎದೆಬಡಿತ ನಿಮಿಷಕ್ಕೆ 28ರಿಂದ 44ರೊಳಗೆ ಇರಬೇಕು. ಇವಳದು 36 ಇತ್ತು. ಮೊದಲು ಆಳುಮಗನಿಗೆ ದೂರ ನಿಂತು ‘ರಾಜಾ’ ಎಂದು ಗಟ್ಟಿಯಾಗಿ ಕೂಗಲು ಹೇಳಿದರು. ಕುದುರೆ ಬೆಚ್ಚಿ ತಲೆ ಎತ್ತಿತು, ಬಡಿತ ಏರಿತು, ಬೇಗನೆ ಇಳಿಯಿತು. ಸ್ವಲ್ಪ ಹೊತ್ತು ಬಿಟ್ಟು ಅದೇ ಗಂಟಲಿನಲ್ಲಿ ‘ಬಿಜಲಿ’ ಎಂದು ಕೂಗಿಸಿದರು. ಮೂಗಿನ ಹೊಳ್ಳೆ ಅರಳಿತು, ಕಣ್ಣಿನ ಬಿಳಿ ಕಂಡಿತು, ಹಿಂಗಾಲು ಗೋಡೆಗೆ ತಾಗಿತು. ಬಡಿತ 64. ಇಳಿಯಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ಅತ್ತೆಯಿಂದ ಅದೇ ಹೆಸರನ್ನು ಮೆಲ್ಲಗೆ, ಬೆಲ್ಲದ ಚೂರು ಹಿಡಿದು ಹೇಳಿಸಿದರು. ಬೆಲ್ಲಕ್ಕೆ ಮೂತಿ ಚಾಚಿದಳು. ಕಿವಿಗಳು ಮಾತ್ರ ಹಿಂದಕ್ಕೇ ಇದ್ದವು.

ವೈದ್ಯರು ವಿವರಿಸಿದ್ದು ಹೀಗೆ. ಮೆರವಣಿಗೆಯಲ್ಲಿ ಹೆಸರು ಕೂಗುವುದು, ಅದರ ಬೆನ್ನಿಗೇ ಲಗಾಮು ಜಗ್ಗುವುದು, ಮುಳ್ಳು ತುಟಿಗೆ ಇಳಿಯುವುದು. ಬ್ಯಾಂಡ್ ಸೆಟ್ಟಿನ ಗದ್ದಲ, ಪಟಾಕಿ, ಕಣ್ಣಿಗೆ ರಾಚುವ ಲೈಟು. ನಮ್ಮ ಕಿವಿ 20 ಸಾವಿರ ಹರ್ಟ್ಸ್‌ಗೆ ಸೋತರೆ ಕುದುರೆಯ ಕಿವಿ 33 ಸಾವಿರದವರೆಗೂ ಹಿಡಿಯುತ್ತದೆ, ನಮಗೆ ಕೇಳಿಸದ ಕೀರಲು ಸದ್ದೂ ಅದಕ್ಕೆ ಕೇಳಿಸುತ್ತದೆ. ಇವೆಲ್ಲದರ ನಡುವೆ ಅದಕ್ಕೆ ಖಚಿತವಾಗಿ ಗೊತ್ತಾಗುವುದು ಒಂದೇ. ಆ ಹೆಸರು ಬಂತೆಂದರೆ ಹಿಂದೆಯೇ ನೋವು ಬರುತ್ತದೆ. ‘ಕುದುರೆಗೆ ಅದು ಹೆಸರಲ್ಲ ಅಕ್ಕಾ, ಏಟಿನ ಮುನ್ಸೂಚನೆ’ ಎಂದರು. ಇಟ್ಟ ಹೆಸರು ತೆಗೆಯಬಾರದು ಎಂಬ ಸೋದರಮಾವನ ಮಾತಿಗೆ ನಾನು ಗೌರವ ಕೊಡುತ್ತೇನೆ. ಆದರೆ ಪ್ರಾಣಿಯನ್ನು ಹೆದರಿಸುವ ಹೆಸರಿಗೂ ಆ ಮಾತು ಅನ್ವಯಿಸಬೇಕು ಎಂದು ನನಗೆ ಅನ್ನಿಸುವುದಿಲ್ಲ. ಬದಲಿಸುವುದು ಅಂದೇ ಖಚಿತವಾಯಿತು.

ಕಾಗದಪತ್ರದ ಚಿಂತೆಯನ್ನೂ ವೈದ್ಯರೇ ಬಿಡಿಸಿದರು. ರೇಸಿನ ಥರೋಬ್ರೆಡ್ ಕುದುರೆಯಾದರೆ ಹೆಸರು ಪುಣೆಯ ಸ್ಟಡ್ ಬುಕ್ ಪ್ರಾಧಿಕಾರದಲ್ಲಿ ದಾಖಲಾಗಿರುತ್ತದೆ. ನಡುವಿನ ಖಾಲಿ ಜಾಗವನ್ನೂ ಸೇರಿಸಿ ಇಂಗ್ಲಿಷಿನ 18 ಅಕ್ಷರ ಮೀರುವಂತಿಲ್ಲ, ಮನಸ್ಸು ಬಂದ ಹಾಗೆ ಬದಲಿಸುವಂತೆಯೂ ಇಲ್ಲ. ಅಂಥ ಕುದುರೆಗಳಿಗೂ ಲಾಯದಲ್ಲಿ ಕರೆಯುವ ಹೆಸರು ಬೇರೆಯೇ ಇರುತ್ತದೆ. ನಮ್ಮದಕ್ಕೆ ಆ ಬಂಧನವಿಲ್ಲ. ಗುರುತು ಹಿಡಿಯುವುದು ಮೈಬಣ್ಣ, ಮಚ್ಚೆ, ಸುಳಿಗಳಿಂದ. ಮೈಕ್ರೋಚಿಪ್ ಹಾಕಿಸಿದರೆ ಅದರ 15 ಅಂಕಿಗಳಿಂದ. ‘ಆದರೆ ಹಳೆಯ ಹೆಸರನ್ನು ಕಾಗದದಿಂದ ಅಳಿಸಬೇಡಿ. ಹಿಸಾರ್‌ನ ವರದಿ, ಚುಚ್ಚುಮದ್ದಿನ ಕಾರ್ಡು ಎಲ್ಲವೂ ಆ ಹೆಸರಿನಲ್ಲಿವೆ. ಪಕ್ಕದಲ್ಲಿ ಹೊಸದನ್ನು ಬರೆದರೆ ಸಾಕು’ ಎಂದರು.

ಹೊಸದು ಯಾವುದು ಎಂಬುದೇ ಉಳಿದ ಪ್ರಶ್ನೆ. ಒಂದು ಭಾನುವಾರ ಮಗನನ್ನು ಕರೆದುಕೊಂಡು ಕಡೇಬಾಗಿಲು ಸೇತುವೆ ದಾಟಿ ಹಂಪಿಗೆ ಹೋದೆ. ಹಜಾರರಾಮ ಗುಡಿಯ ಹೊರಗೋಡೆಯ ಮೇಲೆ ಸಾಲುಗಟ್ಟಿದ ಕುದುರೆಗಳಿವೆ. ವಿಜಯನಗರದ ಅರಸರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಹಿಂದಿನ ಒಬ್ಬ ಅರಸನಂತೂ ಪರ್ಷಿಯಾ ಕೊಲ್ಲಿಯ ಹೊರ್ಮುಜ್ ಬಂದರಿನಿಂದ ಬರುವಾಗ ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಹಣ ಕೊಡುತ್ತಿದ್ದನಂತೆ. ಮಗ ಕೇಳಿದ: ‘ಹೊರ್ಮುಜ್‌ನಿಂದ ಬಂದ ಕುದುರೆಗಳನ್ನು ಇಲ್ಲಿಯವರು ಯಾವ ಹೆಸರಿನಿಂದ ಕರೆಯುತ್ತಿದ್ದರು ಅವ್ವಾ?’ ನಾನು ಗೋಡೆ ನೋಡುತ್ತ ನಿಂತಿದ್ದೆ. ಶಿಲ್ಪಿಗಳು ಕುದುರೆಗಳನ್ನಷ್ಟೇ ಕೆತ್ತಿ ಬಿಟ್ಟಿಲ್ಲ, ಅವುಗಳನ್ನು ಹಿಡಿದು ನಡೆಸುವವರನ್ನೂ ಕೆತ್ತಿದ್ದಾರೆ. ಹೆಸರು ಹುಡುಕುತ್ತ ದೇವರ ಪಟ್ಟಿ, ನದಿಗಳ ಪಟ್ಟಿ ಎಲ್ಲವನ್ನೂ ಜಾಲಾಡಿದ ನಾವು ಬಿಜಲಿಯ ಜೊತೆ ನಡೆದವರನ್ನೇ ಇನ್ನೂ ಕೇಳಿರಲಿಲ್ಲ.

ರಾಯಚೂರಿನ ಆ ಮನೆಗೆ ಈ ಸಲ ಯಜಮಾನರನ್ನು ಬಿಟ್ಟು ನಾನೊಬ್ಬಳೇ ಹೋದೆ. ಹಾಗಾಗಿ ಮಾತು ಒಳಮನೆಯಲ್ಲಿ ನಡೆಯಿತು. ಕುದುರೆ ಹೆದರುವ ರೀತಿಯನ್ನು ಹೇಳಿದಾಗ ಚಾಚಿ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು ಸುಮ್ಮನೆ ಕುಳಿತರು. ಆಮೇಲೆ, ‘ಬಿಜಲಿ ಎಂಬುದು ಬ್ಯಾಂಡಿನವರ ಹೆಸರು. ಅಂಗಳದೊಳಗೆ ಅವಳನ್ನು ಯಾರೂ ಹಾಗೆ ಕರೆಯುತ್ತಿರಲಿಲ್ಲ. ನನ್ನ ಹೆಣ್ಣುಮಕ್ಕಳಿಗೂ ನನಗೂ ಅವಳು ಮುನ್ನಿ’ ಎಂದರು. ಬೆಳಿಗ್ಗೆ ರಾತ್ರಿಯ ತಂಗಳು ರೊಟ್ಟಿಯನ್ನು ಮುರಿದು ಸೆರಗಿನಲ್ಲಿ ಕಟ್ಟಿಕೊಂಡು, ತಗಡಿನ ಬಾಗಿಲನ್ನು ಬಳೆಯ ಕೈಯಿಂದ ತಟ್ಟಿ, ‘ಮುನ್ನೀ, ಎದ್ದೆಯಾ?’ ಎಂದು ಕೇಳುತ್ತಿದ್ದರಂತೆ. ಕೇಳುವ ರೀತಿಯನ್ನು ಕುಳಿತಲ್ಲೇ ತೋರಿಸಿದರು. ದನಿ ತಗ್ಗಿನಲ್ಲಿ ಶುರುವಾಗಿ, ಕೊನೆಗೆ ಒಂದಿಷ್ಟು ಎಳೆದು ನಿಲ್ಲುತ್ತಿತ್ತು.

ಮಾರುವಾಗ ಈ ಹೆಸರನ್ನು ಏಕೆ ಹೇಳಲಿಲ್ಲ ಎಂದು ಚಾಚಾರನ್ನು ಕೇಳಿದೆ. ‘ಕೊಳ್ಳುವವರಿಗೆ ಗತ್ತಿನ ಹೆಸರೇ ಬೇಕು ಬೇಟೀ. ಮುನ್ನಿ ಎಂದರೆ ಮಕ್ಕಳಾಟಿಕೆಯ ಕುದುರೆ ಎಂದು ಬೆಲೆ ಇಳಿಸುತ್ತಾರೆ’ ಎಂದರು. ಅವರ ಮಾತಿನಲ್ಲಿ ಸತ್ಯವಿತ್ತು. ಮಾರುಕಟ್ಟೆಯಲ್ಲಿ ಹೇಳುವ ಹೆಸರು ಕೊಳ್ಳುವವರ ಕಿವಿಗಾಗಿ ಇರುತ್ತದೆ. ಆ ಮನೆಯಲ್ಲಿ ಕುದುರೆಗೆ ಹುಲ್ಲು ಹಾಕಿದವರು, ಸಗಣಿ ಬಾಚಿದವರು, ಹೊಟ್ಟೆನೋವು ಬಂದ ರಾತ್ರಿ ಅಡ್ಡಾಡಿಸಿದವರು ಹೆಂಗಸರು. ವ್ಯಾಪಾರದ ಹೊತ್ತಿನಲ್ಲಿ ಅವರು ಯಾರೂ ಅಂಗಳಕ್ಕೆ ಬಂದಿರಲಿಲ್ಲ.

ಮಗ ಕೊಟ್ಟ ಮೊಬೈಲಿನಲ್ಲಿ ಚಾಚಿಯ ದನಿಯನ್ನು ಹಿಡಿದುಕೊಂಡು ಬಂದೆ. ಅದನ್ನು ಕೊಟ್ಟಿಗೆಯಲ್ಲಿ ಹಚ್ಚೋಣ ಎಂದು ಮಗ ಕುಣಿದಾಡಿದ. ಬೇಡ ಎಂದೆವು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ವೈದ್ಯರು ಹೇಳಿದ್ದರು. ಪರಿಚಯದ ಒಂದು ಕುದುರೆಯನ್ನು ಇನ್ನೊಂದರ ಎದುರಿನಿಂದ ನಡೆಸಿಕೊಂಡು ಹೋಗಿ ಮರೆಮಾಡಿ, ಅಲ್ಲಿಂದ ಬೇರೆ ಕುದುರೆಯ ಕೆನೆತ ಕೇಳಿಸಿದರೆ, ನಿಂತ ಕುದುರೆ ಆ ಕಡೆಗೆ ಬೇಗನೆ ತಿರುಗಿ ಹೆಚ್ಚು ಹೊತ್ತು ನೋಡುತ್ತದಂತೆ. ಕಂಡ ಮೈಗೂ ಕೇಳಿದ ದನಿಗೂ ತಾಳೆಯಾಗಲಿಲ್ಲ ಎಂಬುದು ಅದಕ್ಕೆ ಗೊತ್ತಾಗುತ್ತದೆ. ಚಾಚಿಯ ದನಿ ಕೇಳಿ, ಚಾಚಿ ಕಾಣದೆ, ಹೊಸ ಜಾಗದಲ್ಲಿ ಅವಳು ಹುಡುಕಾಡುವುದು ನನಗೆ ಬೇಕಿರಲಿಲ್ಲ. ಆ ಧ್ವನಿಮುದ್ರಣ ನನ್ನ ಕಲಿಕೆಗೆ ಬಂತು. ಅಡುಗೆಮನೆಯಲ್ಲಿ ಕೇಳಿ ಕೇಳಿ, ಎಳೆಯುವ ಜಾಗವನ್ನು ನಾಲಿಗೆಗೆ ತಂದುಕೊಂಡೆ.

ಮೊದಲು ನಾನು ಯೋಚಿಸಿದ್ದು ಎರಡೂ ಹೆಸರನ್ನು ಜೋಡಿಸಿ ಕರೆಯುತ್ತ, ಹಳೆಯದನ್ನು ಮೆಲ್ಲಗೆ ಬಿಡುವುದೆಂದು. ಹಳೆಯ ಹೆಸರು ಕುದುರೆಗೆ ಹಿತವಾಗಿದ್ದರೆ ಅದು ಒಳ್ಳೆಯ ದಾರಿ. ಹೊಸ ಹೆಸರು ಮೊದಲು, ಹಿಂದೆಯೇ ಹಳೆಯದು, ಆಮೇಲೆ ತಿನಿಸು. ಮೇವು ಬದಲಿಸುವಾಗ ಹಳೆಯದರಲ್ಲಿ ಹೊಸದನ್ನು ದಿನದಿನಕ್ಕೆ ಹೆಚ್ಚಿಸುತ್ತ ವಾರ ಹತ್ತು ದಿನ ತೆಗೆದುಕೊಳ್ಳುವುದಿಲ್ಲವೇ, ಹಾಗೆ. ಆದರೆ ಹಳೆಯದರಲ್ಲೇ ಭಯ ಸೇರಿಕೊಂಡಿದ್ದರೆ ಜೋಡಿಸಬಾರದು, ಭಯ ಹೊಸದಕ್ಕೂ ಹತ್ತುತ್ತದೆ ಎಂದರು ವೈದ್ಯರು. ಆದ್ದರಿಂದ ‘ಬಿಜಲಿ’ ಎಂಬ ಮಾತನ್ನು ಅಂದಿನಿಂದ ನಮ್ಮ ಅಂಗಳದಲ್ಲಿ ನಿಲ್ಲಿಸಿದೆವು.

ಆರಂಭದಲ್ಲಿ ಮುನ್ನಿ ಎಂದು ನಾನೊಬ್ಬಳೇ ಕರೆದೆ. ಅದೂ ಬೆಳಗಿನ ರೊಟ್ಟಿಯ ಹೊತ್ತಿಗೆ ಮಾತ್ರ. ಜೋಳದ ರೊಟ್ಟಿ ನಮ್ಮಲ್ಲೂ ಇದ್ದೇ ಇದೆ. (ರೊಟ್ಟಿಯ ಚೂರು ಸರಿ, ಹಸಿ ಜೋಳದ ಮೇವನ್ನು ಮಾತ್ರ ಕುದುರೆಗೆ ಹಾಕಬೇಡಿ. ದನಗಳಿಗೆ ಹಾಕುತ್ತೇವಲ್ಲ ಎಂದು ಹಾಕಿದರೆ ಮೂತ್ರಕೋಶ ಕೆಡುತ್ತದೆ, ಹಿಂಗಾಲು ಬೀಳುತ್ತದೆ.) ಮೊದಲ ದಿನಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ದನಿ ನನ್ನದು, ಬಳೆಯ ಸದ್ದು ಬೇರೆ, ಬಾಗಿಲು ಮರದ್ದು. ರೊಟ್ಟಿಗಾಗಿ ಬರುತ್ತಿದ್ದಳು, ಹೆಸರಿಗಲ್ಲ. ನಾನು ರೊಟ್ಟಿಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಕರೆದು, ಕಾಯತೊಡಗಿದೆ. ಒಂದು ಬೆಳಿಗ್ಗೆ ಅವಳು ಹಿತ್ತಿಲಿನ ಕಡೆಗೆ ಮುಖ ಮಾಡಿ ನಿಂತಿದ್ದಾಗ ಕರೆದೆ. ಮೈ ಅಲುಗಲಿಲ್ಲ. ಎಡಗಿವಿ ಒಂದೇ ನಿಧಾನವಾಗಿ ನನ್ನ ಕಡೆ ತಿರುಗಿ ನಿಂತಿತು, ಅದರೊಳಗಿನ ಸಣ್ಣ ಬಿಳಿ ಕೂದಲು ಬೆಳಕಿಗೆ ಕಂಡಿತು. ಬಲಗಿವಿ ಇನ್ನೂ ಬಾಳೆಯ ತೋಟದ ಸದ್ದನ್ನೇ ಕೇಳುತ್ತಿತ್ತು. ಮತ್ತೆ ಕರೆದೆ, ಅದೂ ತಿರುಗಿತು. ಆಮೇಲೆ ತಲೆ, ಆಮೇಲೆ ಅವಳು. ಕೆನೆತವಲ್ಲದ, ಮೂಗಿನೊಳಗೇ ಗುರುಗುಟ್ಟುವ ಒಂದು ಮೆಲುದನಿ ಇರುತ್ತದೆ, ಮರಿಯನ್ನು ಕಂಡ ತಾಯಿ ಮಾಡುವ ಸದ್ದು. ಅದನ್ನು ಕೇಳಿಸಿಕೊಂಡ ಮೇಲೆ ಮಗನಿಗೂ ಕರೆಯಲು ಅನುಮತಿ ಕೊಟ್ಟೆ, ನಂತರ ಅತ್ತೆಗೆ, ಕೊನೆಗೆ ಆಳುಮಗನಿಗೆ.

ಒಂದು ಕಟ್ಟುಪಾಡನ್ನು ಈಗಲೂ ಬಿಗಿಯಾಗಿ ಪಾಲಿಸುತ್ತೇವೆ. ಸೂಜಿ ಚುಚ್ಚುವಾಗ, ಲಾಳ ಕಟ್ಟುವಾಗ, ಬಯ್ಯುವಾಗ ಹೆಸರು ಹಿಡಿಯುವಂತಿಲ್ಲ. ಬಯ್ಯುವುದಿದ್ದರೆ ಹೆಸರಿಲ್ಲದೆ ಬಯ್ಯಬೇಕು. ಆಳುಮಗನಿಗೆ ಇದು ಕಷ್ಟವಾಯಿತು, ಏಕೆಂದರೆ ನಮಗೆಲ್ಲ ಸಿಟ್ಟು ಬಂದಾಗಲೇ ಹೆಸರು ಗಟ್ಟಿಯಾಗಿ ಬಾಯಿಗೆ ಬರುತ್ತದೆ. ಅವನೂ ಕಲಿತ. ಕಡಿವಾಣವನ್ನಂತೂ ಬಿಟ್ಟೇಬಿಟ್ಟೆವು. ಬಾಯೊಳಗೆ ಕಬ್ಬಿಣವಿಲ್ಲದ, ಮೂಗಿನ ಮೇಲೆ ಪಟ್ಟಿ ಬರುವ ಮೊಗವಾಡವನ್ನು ಹೊಲಿಸಿ, ಗದ್ದೆಯ ಬದುವಿನ ಮೇಲೆ ಮಗನನ್ನು ಕೂರಿಸಿ ನಡೆಸುತ್ತೇವೆ.

ಅತ್ತೆ ಮಾತ್ರ ಭಾನುವಾರ ಭಂಡಾರ ಹಚ್ಚುವಾಗ ‘ಮಾಳವ್ವಾ’ ಎಂದೇ ಕರೆಯುತ್ತಾರೆ. ಅದು ಅವರಿಗೂ ದೇವರಿಗೂ ಕುದುರೆಗೂ ಇರುವ ಮಾತು, ನಾನು ನಡುವೆ ಬರುವುದಿಲ್ಲ. ಬೆಲ್ಲ ಹಿಡಿದ ಅತ್ತೆಯ ಕೈ ಅವಳಿಗೆ ಗೊತ್ತಿದೆ, ಕಿವಿ ಮುಂದಕ್ಕೇ ಇರುತ್ತದೆ. ಆರೋಗ್ಯದ ಕಾರ್ಡಿನಲ್ಲಿ ವೈದ್ಯರು ‘ಬಿಜಲಿ, ಈಗ ಮುನ್ನಿ’ ಎಂದು ಬರೆದು ಸಹಿ ಹಾಕಿದ್ದಾರೆ. ಸೋದರಮಾವನಿಗೂ ಸಮಾಧಾನವಾಗಿದೆ. ಹೆಸರು ತೆಗೆಯಲಿಲ್ಲವಲ್ಲ, ಇದ್ದ ಎರಡರಲ್ಲಿ ಒಂದನ್ನು ಆರಿಸಿದಿರಿ ಎಂದರು. ನನಗೂ ಹಾಗೇ ಅನ್ನಿಸುತ್ತದೆ.

ಹೆಸರು ಬದಲಾದರೆ ಭಯವೆಲ್ಲ ಹೋಗುತ್ತದೆ ಎಂದು ಯಾರಿಗೂ ಹೇಳಲಾರೆ. ಮೊನ್ನೆ ರಸ್ತೆಯಲ್ಲಿ ಮದುವೆಯ ಮೆರವಣಿಗೆ ಹೋಯಿತು. ಬ್ಯಾಂಡಿನ ಮೊದಲ ಪೆಟ್ಟಿಗೇ ಮುನ್ನಿ ಬೆವರಿ, ಕಟ್ಟಿದ ಹಗ್ಗದಲ್ಲೇ ಸುತ್ತತೊಡಗಿದಳು. ಆ ಸದ್ದು ದೂರವಾಗುವವರೆಗೆ ಯಾವ ಹೆಸರಿಗೂ ಅವಳು ಕಿವಿ ಕೊಡಲಿಲ್ಲ. ಕೊಟ್ಟಿಗೆ ರಸ್ತೆಯ ಪಕ್ಕಕ್ಕೇ ಇರುವುದು ಸರಿಹೋಗುವುದಿಲ್ಲ. ಹಿತ್ತಿಲಿನಾಚೆ ತೆಂಗಿನ ಸಾಲಿನ ಹತ್ತಿರ, ಗಾಳಿ ಆಡುವ ಹಾಗೆ ಗೋಡೆ ಗಿಡ್ಡ ಮಾಡಿ ಇನ್ನೊಂದು ಲಾಯ ಕಟ್ಟಿಸುತ್ತಿದ್ದೇವೆ. ಮುಂದಿನ ಮದುವೆಯ ಹಂಗಾಮಿನೊಳಗೆ ಚಾವಣಿ ಮುಗಿಯಬೇಕು. ಬಾಗಿಲಿಗೆ ತಗಡು ಹಾಕಿಸುತ್ತಿದ್ದೇನೆ.